ಏಳು ತುಂಡಾದರೂ ಸಾಯದ ಹಾವು

ಇದು ನಡೆದದ್ದು ಕಡಲಾಚೆಯ ಪದಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಾಲದಲ್ಲಿ. ಸಿಂಪಿಪಟ್ಟಣವೆಂಬ ರಾಜ್ಯದಲ್ಲಿ ಧೂಮಕನೆಂಬ ಮಾಂತ್ರಿಕನಿದ್ದ. ಅವನು ಬಂದರಿನಿಂದ ಉದ್ದನೆಯ ಇಂಗ್ಲಿಷ್ ಪದವೊಂದನ್ನು ತಂದ. ಆ ಪದ ‘ಇನ್‌ಡಿಸ್ಟ್ರಕ್ಟಿಬಿಲಿಟಿ’. ಎಂದರೆ, ನಾಶವಾಗದಿರುವ ಗುಣ. ಅದಕ್ಕೆ ಜೀವ ತುಂಬಿ, ಹಾವು ಮಾಡಿ, ತನ್ನ ಕೋಟೆಗೆ ಸುತ್ತಿದ. ಅಂದಿನಿಂದ ಕೋಟೆಗೂ ಅವನಿಗೂ ನಾಶವಿರಲಿಲ್ಲ. ಹತ್ತಿರ ಹೋದವರನ್ನು ಹಾವು ಒಬ್ಬೊಬ್ಬರಾಗಿ ಹಿಡಿದು, ಕಾಲಿನಿಂದ ಮೇಲಕ್ಕೆ ಕಲ್ಲು ಮಾಡುತ್ತಿತ್ತು.

ಕಲ್ಲಾದ ಗಂಡನನ್ನು ಹುಡುಕಿಕೊಂಡು ಹೋದ ನಾಗಲೆಯನ್ನೂ ಹಿಡಿಯಿತು. ಅವಳ ಅಣ್ಣ ಬೊಪ್ಪ, ಮೀನುಗಾರ, ಕತ್ತಿ ಹಿಡಿದು ಓಡಿಬಂದ. ಅಷ್ಟರಲ್ಲಿ ಅವಳ ಮೊಣಕಾಲು ಕಲ್ಲಾಗಿತ್ತು.

ಸಿಂಪಿಪಟ್ಟಣದಲ್ಲಿ ಏನನ್ನು ಕತ್ತರಿಸಿದರೂ ಸಮಪಾಲು ಮಾಡುವುದು ವಾಡಿಕೆ. ಬೊಪ್ಪ ಹಾವನ್ನು ಸರಿಯಾಗಿ ನಡುವೆ ಕಡಿದ. ಎರಡು ಪಾಲೂ ಮತ್ತೆ ಕೂಡಿಕೊಂಡವು. ಕಲ್ಲು ನಾಗಲೆಯ ಸೊಂಟಕ್ಕೇರಿತು.

“ಏನೋ ಬೊಪ್ಪ, ಮೀನಿನ ಪಾಲು ಹಂಚೋಕೆ ಬಂದ್ಯಾ?” ಧೂಮಕ ಗೋಡೆಯ ಮೇಲಿಂದ ನಕ್ಕ.

ಬೊಪ್ಪ ಬಂದರಿನಲ್ಲಿ ಕೇಳಿದ್ದ ಆ ಪದವನ್ನು ನಿಧಾನವಾಗಿ ಹೇಳಿ ನೋಡಿದ. ನಾಲಿಗೆ ತಡೆದಲ್ಲೆಲ್ಲ ಹಾವನ್ನು ಕಡಿದ. ಇನ್, ಡಿ, ಸ್ಟ್ರಕ್, ಟಿ, ಬಿಲ್, ಇ, ಟಿ. ಏಳು ತುಂಡು. ‘ಸ್ಟ್ರಕ್’ ತನ್ನ ‘ಡಿ’ಯನ್ನು ಹುಡುಕಿಕೊಂಡು ತೆವಳಿತು. ‘ಬಿಲ್’ ಎರಡೂ ಕಡೆ ತಡಕಾಡಿತು. ಹಾವು ಮತ್ತೆ ಇಡಿಯಾಯಿತು. ಕಲ್ಲು ಕೊರಳಿಗೆ ಬಂತು.

“ಅಣ್ಣಾ, ಇನ್ನೊಂದ್ಸಲ ತಪ್ಪಿದ್ರೆ ನಿನ್ನ ಬೈಯೋಕೂ ನಂಗೆ ಬಾಯಿರಲ್ಲ.”

“ಸುಮ್ನಿರೇ. ಒಂದು ತುಂಡು ಯಾರನ್ನೂ ಹುಡುಕಲಿಲ್ಲ. ನೋಡಿದ್ಯಾ?”

“ತಲೆ ಕಡೇದು. ಅದು ಅಲ್ಲೇ ಬಿದ್ದಿತ್ತು. ಉಳಿದವು ಬಂದು ಅಂಟಿಕೊಂಡವು.”

ಅದು ‘ಇನ್’. ಹಡಗಿನವರ ಪದಗಳ ತಲೆಗೆ ಕೂತು ‘ಅಲ್ಲ’ ಎನ್ನುವ ತುಂಡು. ಅದಕ್ಕೆ ತನ್ನದೇ ಅರ್ಥವಿತ್ತು, ಬೇರೆಯವರ ಹಂಗಿರಲಿಲ್ಲ.

ಮೂರನೆಯ ಸಲ ಬೊಪ್ಪ ಅದೊಂದನ್ನೇ ಕಡಿದ. ಸೊಂಟಕ್ಕೆ ಕಟ್ಟಿದ್ದ ಮೀನಿನ ಉಪ್ಪಿನ ಜಾಡಿಗೆ ಹಾಕಿ, ಮುಚ್ಚಳ ಬಿಗಿದ. ಉಳಿದದ್ದು ‘ಡಿಸ್ಟ್ರಕ್ಟಿಬಿಲಿಟಿ’. ನಾಶವಾಗುವ ಗುಣ. ಕೋಟೆಗೆ ಆ ಗುಣ ಹತ್ತಿತು. ಗೋಡೆ ಕುಸಿಯಿತು. ಧೂಮಕ ಅದರಡಿ ಸತ್ತ. ಹಾವು ಒಣಗಿ ಪುಡಿಯಾಯಿತು. ನಾಗಲೆಯ ಮೈ ಮತ್ತೆ ಬೆಚ್ಚಗಾಯಿತು.

ತಲೆಯವರೆಗೂ ಕಲ್ಲಾಗಿದ್ದವರು ಮಾತ್ರ ಏಳಲಿಲ್ಲ.

ಪಟ್ಟಣದವರು ಆಮೇಲೆ ಭಯವಿಲ್ಲದೆ, ಸುಖವಾಗಿ ಬಾಳಿದರು. ನಾಗಲೆ ದಿನಾ ಸಂಜೆ ಹೋಗಿ ಗಂಡನ ಮುಖಕ್ಕೆ ಹತ್ತಿದ ಕಡಲುಪ್ಪನ್ನು ಒರೆಸುತ್ತಿದ್ದಳು. ಆಮೇಲೆ ಪಕ್ಕದವರದನ್ನೂ ಒರೆಸುತ್ತಿದ್ದಳು. ಒಟ್ಟು ಹದಿನಾಲ್ಕು ಕಲ್ಲು.