ಕಂಬಳಿ ಹೊದ್ದ ಮೀನುತೊಟ್ಟಿ

ಶ್ಯಾಮಸುಂದರನ ಹಣೆ ಒಡೆದದ್ದು ತಾಮ್ರದ ಚೊಂಬಿನಿಂದ. ಬೀಸಿ ಎಸೆದವಳು ಗಂಗಲಕ್ಷ್ಮಿ.

ಪೂರಾ ಅವಳದ್ದೇ ತಪ್ಪು ಅನ್ನೋ ಹಾಗೂ ಇಲ್ಲ ಬಿಡಿ. ಸ್ನಾನ ಮುಗಿಸಿ ಹಜಾರಕ್ಕೆ ಬಂದರೆ, ಗುರುತಿಲ್ಲದ ಗಂಡಸೊಬ್ಬ ರಸ್ತೆ ಕಡೆಯ ಕಿಟಕಿ ಕೆಳಗೆ ಬಗ್ಗಿ ಗೋಣಿಚೀಲ ಬಿಚ್ಚುತ್ತಿದ್ದಾನೆ. ಕೇತಮಾರನಹಳ್ಳಿಯ ಬೆಟ್ಟಯ್ಯನ ಮನೆಯಲ್ಲಿ ಮಾತಿಗಿಂತ ಮುಂಚೆ ಕೈ ಏಳೋದು ರೂಢಿ. ಅವನ ತಂಗಿ ಗಂಗಲಕ್ಷ್ಮಿಯೂ ಅದೇ ಬಾವಿಯ ನೀರು ಕುಡಿದು ಬೆಳೆದವಳು.

"ಕಳ್ಳ ಅಲ್ಲ ರೀ," ಅವನು ಹಣೆ ಒತ್ತಿ ಹಿಡಿದು ಹೇಳಿದ. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿಯ ಕಾಲರ್ ನೆನೆಯುತ್ತಿತ್ತು. "ಮೀನಿನ ತೊಟ್ಟಿ ಕೂರಿಸೋಕೆ ಬಂದಿರೋನು. ನಿಮ್ಮಣ್ಣನೇ ಹೇಳಿದ್ದು."

"ಮೊದಲೇ ಹೇಳೋಕೆ ಏನಾಗಿತ್ತು?"

"ಚೊಂಬು ಮೊದಲು ಬಂತು."

ಅವಳಿಗೆ ನಗು ಬಂತು, ನಕ್ಕರೆ ಚೆನ್ನಾಗಿರೋಲ್ಲ ಅಂತ ಅರಿಶಿನ ತರಲು ಒಳಗೆ ಓಡಿದಳು. ಗಾಯಕ್ಕೆ ಅರಿಶಿನ ಒತ್ತುವಾಗ ಅವನು ಕಣ್ಣು ಮುಚ್ಚಲಿಲ್ಲ. ಅಷ್ಟು ಹತ್ತಿರದಿಂದ, ಹೆದರದೆ, ಹೆದರಿಸದೆ ನೋಡುವ ಗಂಡಸನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಅರಿಶಿನ ಅವನ ಹುಬ್ಬಿಗೂ ಹತ್ತಿತು.

ಅದು ಎಂಬತ್ತಾರನೇ ಇಸವಿ. ಬೆಟ್ಟಯ್ಯನ ಹೊಲವೆಲ್ಲ ಸೈಟಾಗಿ, ಬಂದ ದುಡ್ಡು ಎರಡು ಲಾರಿಯಾಗಿತ್ತು. ನಂದಿನಿ ಲೇಔಟಿನ ಕಂಟ್ರಾಕ್ಟರ್ ಮನೆಗೆ ತಂಗಿಯನ್ನು ಕೊಡುವುದೆಂದು ಅವನು ಮಾತಾಡಿಬಿಟ್ಟಿದ್ದ. ಆ ಮನೆ ಹಜಾರದಲ್ಲಿ ಗಾಜಿನ ತೊಟ್ಟಿ ಇತ್ತಂತೆ. ತನ್ನ ಮನೆಯಲ್ಲಿ ಅದಕ್ಕಿಂತ ದೊಡ್ಡದು, ಒಳಗೆ ಗಿಡ ಬೆಳೆದದ್ದು ಇರಬೇಕು, ಆಮೇಲೇ ಹೂ ಮುಡಿಸುವ ಶಾಸ್ತ್ರ ಅಂತ ಬೆಟ್ಟಯ್ಯ ಹಟ ಹಿಡಿದ. ಆ ಕಂಟ್ರಾಕ್ಟರ್ ಮಗನ ಮೊದಲ ಹೆಂಡತಿ ಮೊಣಕೈ ಮುರಿಸಿಕೊಂಡು ತವರು ಸೇರಿದವಳು ವಾಪಸ್ ಬಂದಿರಲಿಲ್ಲ. ತಾಯಿ ಮುನಿಲಕ್ಷ್ಮಮ್ಮ ಆ ಮಾತೆತ್ತಿದ್ದಕ್ಕೆ ಬೆಟ್ಟಯ್ಯ ಊಟದ ತಟ್ಟೆಯನ್ನು ಗೋಡೆಗೆ ಎಸೆದ. "ಗಂಡಸು ಅಂದ್ಮೇಲೆ ಕೈ ಏಳ್ತದೆ," ಅಂದ. ಸಾರಿನ ಕಲೆ ಗೋಡೆಯ ಮೇಲೆ ಹಾಗೇ ಉಳಿಯಿತು.

ಶ್ಯಾಮಸುಂದರ ಮರಳನ್ನು ಏಳು ಸಲ ತೊಳೆದ. ಕೆಳಗೆ ಕೆರೆಮಣ್ಣು, ಮೇಲೆ ಮರಳು. ಮಲ್ಲತ್ತಹಳ್ಳಿ ಕೆರೆಯಿಂದ ತಂದ ಗಿಡಗಳನ್ನು ಒಂದೊಂದಾಗಿ ನೆಟ್ಟ. ಮೂವತ್ತು ಕೊಡ ನೀರು ಹೊತ್ತು ತಂದವಳು ಗಂಗಲಕ್ಷ್ಮಿ.

"ಸುರೀಬೇಡಿ, ತಟ್ಟೆ ಮೇಲೆ ಇಳಿಸಿ," ಅವನೆಂದ. "ಗಿಡ ಎದ್ದುಬಿಡ್ತವೆ. ಚೊಂಬು ಎಸೆದಂಗಲ್ಲ ಇದು."

"ಇನ್ನೂ ಒಂದು ಚೊಂಬು ಇದೆ ಮನೇಲಿ."

"ಇರ್ಲಿ, ಬಲಗಡೆ ಹಣೆ ಖಾಲಿ ಇದೆ."

ಕಿಟಕಿ ಹತ್ತಿರ ಬೇಡ, ಬಿಸಿಲಿಗೆ ಪಾಚಿ ಕಟ್ಟುತ್ತೆ ಅಂತ ಅವನು ಬಡಕೊಂಡ. ಬೀದಿಯವರು ನೋಡಬೇಕಲ್ಲ, ಬೆಟ್ಟಯ್ಯ ಕೇಳಲಿಲ್ಲ. ಹದಿನೈದೇ ದಿನಕ್ಕೆ ಗಾಜು, ಎಲೆ, ಕಲ್ಲು ಎಲ್ಲ ಹಸಿರು. ಬೆಟ್ಟಯ್ಯ ಶಾಸ್ತ್ರದ ದಿನ ಮುಂದಕ್ಕೆ ಹಾಕಿ ಶ್ಯಾಮಸುಂದರನ ಕಪಾಳಕ್ಕೆ ಒಂದು ಬಿಟ್ಟ.

"ಇದಕ್ಕೆ ಮದ್ದಿಲ್ವೇನೋ?"

"ಬಸವನಹುಳು ಬಿಟ್ರೆ ತಿಂದು ಹಾಕ್ತವೆ ಸಾರ್. ಮಳೆಗಾಲದ ತನಕ ಸಿಗಲ್ಲ." ಶ್ಯಾಮಸುಂದರ ಕೆನ್ನೆ ಒರೆಸಿಕೊಂಡ. "ಬ್ಲೇಡಲ್ಲಿ ಕೆರೆದು, ಕರಿಕಂಬಳಿ ಹೊದಿಸ್ತೀನಿ. ನಾಲ್ಕು ದಿನ ಒಂಚೂರೂ ಬೆಳಕು ಬೀಳಬಾರ್ದು. ಪಾಚಿ ಉಸಿರು ಕಟ್ಟಿ ಸಾಯುತ್ತೆ, ಗಿಡ ತಡ್ಕೊಳ್ಳುತ್ತೆ. ಭಾನುವಾರ ಬಂದು ನೋಡ್ತೀನಿ, ಇನ್ನೂ ಇದ್ರೆ ಮತ್ತೆ ಕೆರೀತೀನಿ."

ಆ ಮಾತು ಗಂಗಲಕ್ಷ್ಮಿಯ ಮನಸ್ಸಿನಲ್ಲಿ ಕೂತಿತು. ಪಾಚಿ ಸತ್ತರೆ ಶಾಸ್ತ್ರ. ಪಾಚಿ ಇದ್ದರೆ ಭಾನುವಾರ, ಬ್ಲೇಡು, ತೋಳು ಮಡಚಿದ ಅಂಗಿ, ಅವನು. ಮಾರನೇ ದಿನ ಅಣ್ಣ ಲಾರಿ ಶೆಡ್ಡಿಗೆ ಹೋದದ್ದೇ ಕಿಟಕಿ ತೆಗೆದಳು, ಕಂಬಳಿ ಎತ್ತಿದಳು, ಮೂರು ಗಂಟೆಯ ತನಕ ತೊಟ್ಟಿಗೆ ಬಿಸಿಲು ಕಾಯಿಸಿದಳು.

ಹೀಗೆ ಎರಡು ಸಲ ಶಾಸ್ತ್ರ ಮುಂದಕ್ಕೆ ಹೋಯಿತು. ಮೂರನೇ ಭಾನುವಾರ ಅವನು ಗಾಜು ಕೆರೆಯುತ್ತ ತಲೆ ಎತ್ತದೆ ಕೇಳಿದ.

"ಕಂಬಳಿ ಯಾರೂ ತೆಗೀಲಿಲ್ಲ ಅಲ್ವಾ?"

"ಇಲ್ವಲ್ಲ."

"ಕಿಟಕಿ ಕಡೆ ಗಾಜಲ್ಲೇ ಜಾಸ್ತಿ ಕಟ್ಟಿದೆ. ಸೂರ್ಯನೇ ಕಂಬಳಿ ಒಳಗೆ ನುಗ್ಗಿದ್ನೇನೋ."

ಅವಳು ಮುಖ ತಿರುಗಿಸಿ, ಮತ್ತೆ ಕದ್ದು ನೋಡಿದಳು. ತೊಟ್ಟಿಯ ಆಚೆ ಬದಿಯಿಂದ, ನೀರಿನೊಳಗಿಂದ, ಅವನ ಕಣ್ಣು ಅವಳನ್ನೇ ನೋಡುತ್ತಿತ್ತು. ನಡುವೆ ಎರಡು ಕಪ್ಪು ಮೀನು ಹಾದುಹೋದವು. ಅವಳಿಗೆ ಕಿವಿಯ ತನಕ ಬಿಸಿಯಾಯಿತು.

ನಾಲ್ಕನೇ ಭಾನುವಾರಕ್ಕೆ ಬೆಟ್ಟಯ್ಯ ಯಾರ ಮಾತೂ ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಗಂಡಿನವರು ಬರುತ್ತಾರೆ ಅಂತ ಹೇಳಿಕಳಿಸಿದ್ದ. ಮಧ್ಯಾಹ್ನ ಶ್ಯಾಮಸುಂದರ ಬಂದು ಪಕ್ಕದಲ್ಲಿ ನಿಂತಿರುವಾಗಲೇ ಬೆಟ್ಟಯ್ಯ ಕಂಬಳಿ ಎಳೆದು ಬಿಸಾಕಿದ. ಒಳಗೆ ಮೀನೂ ಕಾಣದಷ್ಟು ಹಸಿರು.

ಬೆಟ್ಟಯ್ಯ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಬಾಗಿಲ ಹಿಂದಿದ್ದ ಲಾರಿ ಜಾಕಿನ ರಾಡು ಎತ್ತಿಕೊಂಡ.

"ನೀನೇ ಬೆಳೆಸ್ತಾ ಇದೀಯ ಕಣೋ ಇದನ್ನ. ನನ್ನ ಮನೆಗೆ ಕಾಲಿಡೋಕೆ ಇದೊಂದು ನೆಪ ನಿಂಗೆ."

ಮೊದಲ ಏಟಿಗೆ ಭುಜದ ಚರ್ಮ ಸೀಳಿ ರಕ್ತ ಇಳಿಯಿತು. ಎರಡನೆಯದನ್ನು ತಡೆಯಲು ಹೋದ ಎಡಗೈ ಮಣಿಕಟ್ಟಿನಲ್ಲಿ ಲಟಕ್ ಅಂತು. ಶ್ಯಾಮಸುಂದರ ಮೊಣಕಾಲೂರಿ ಕುಸಿದ. ಕಿಟಕಿ, ಕಂಬಳಿ, ಹಗಲು ಅಂತ ಮೂರು ಮಾತಾಡಿದ್ದರೆ ಉಳಿಯುತ್ತಿದ್ದ. ಅವನು ಗಂಗಲಕ್ಷ್ಮಿಯ ಕಡೆ ಒಮ್ಮೆ ನೋಡಿ, "ನಂದೇ ತಪ್ಪು ಸಾರ್" ಅಂದ.

ಮೂರನೇ ಏಟು ತಲೆಗೆ ಅಂತ ರಾಡು ಮೇಲೆದ್ದಿತು. ಇವನನ್ನು ಸಾಯಿಸಿಬಿಡ್ತಾನೆ ಅಂತ ಅವಳಿಗೆ ಖಚಿತವಾಯಿತು. ಅಡುಗೆಮನೆ ಬಾಗಿಲಲ್ಲಿದ್ದ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಅಣ್ಣನಿಗೆ ಪ್ರಾಣಕ್ಕಿಂತ ಹೆಚ್ಚಾಗಿದ್ದ ಆ ತೊಟ್ಟಿಗೇ ಎಸೆದಳು.

ಗಾಜು ಸಿಡಿಯಿತು. ಮೂವತ್ತು ಕೊಡ ನೀರು, ಮರಳು, ಗಿಡ, ಮೀನು ಎಲ್ಲ ಒಟ್ಟಿಗೆ ಹಜಾರಕ್ಕೆ ನುಗ್ಗಿತು. ಪಾಚಿಯ ಮೇಲೆ ಕಾಲಿಟ್ಟ ಬೆಟ್ಟಯ್ಯ ದಡಕ್ಕನೆ ಜಾರಿ ಗಾಜಿನ ಮೇಲೇ ಬಿದ್ದ. ರಾಡು ಕೈಜಾರಿ ಅಡುಗೆಮನೆಯೊಳಗೆ ಉರುಳಿತು. ಹಸಿರು ನೀರಿಗೆ ಮೂವರ ರಕ್ತವೂ ಸೇರಿತು, ಯಾಕೆಂದರೆ ಗಂಗಲಕ್ಷ್ಮಿ ಬರಿಗಾಲಲ್ಲೇ ಆ ಚೂರುಗಳನ್ನು ತುಳಿದು ಬಂದು ನಡುವೆ ನಿಂತಿದ್ದಳು.

"ಪಾಚಿ ಬೆಳೆಸಿದ್ದು ನಾನು," ಅಂದಳು. "ದಿನಾ ಕಂಬಳಿ ತೆಗೆದೋಳು ನಾನು. ನಿನ್ನ ಕಂಟ್ರಾಕ್ಟರ್ ಮಗ ಬೇಡ ನಂಗೆ. ಇವರು ಬೇಕು."

ಬೆಟ್ಟಯ್ಯ ಎದ್ದು ಹೊಡೆದ ಏಟಿಗೆ ಅವಳ ತುಟಿ ಸೀಳಿತು. ಅವಳು ಅಲ್ಲಾಡಲಿಲ್ಲ. ಮತ್ತೆ ಕೈ ಎತ್ತುವಷ್ಟರಲ್ಲಿ ಮುನಿಲಕ್ಷ್ಮಮ್ಮ ಅಡುಗೆಮನೆಯಿಂದ ಬಂದರು. ಒಂದು ಕೈಯಲ್ಲಿ ನೀರು ತುಂಬಿದ ಬಿಂದಿಗೆ, ಇನ್ನೊಂದರಲ್ಲಿ ಜಾಕಿನ ರಾಡು.

"ನಿಮ್ಮಪ್ಪ ಹೊಡೆದ್ರು, ತಿಂದೆ. ನೀನು ಹೊಡೆದೆ, ತಿಂದೆ," ಮಗನಿಗೆ ಹೇಳಿದರು. "ಇವಳು ತಿನ್ನೋದು ಬ್ಯಾಡ. ಕೂತ್ಕೋ."

ಬೆಟ್ಟಯ್ಯ ತಾಯಿಯ ಕೈಯಲ್ಲಿದ್ದ ರಾಡು ನೋಡಿದ. ನೆನೆದ ನೆಲದ ಮೇಲೆ ಹಾಗೇ ಕೂತ.

"ಮೀನು ಸಾಯ್ತಾವೆ ಕಣೇ, ಎತ್ಕೊ," ಮುನಿಲಕ್ಷ್ಮಮ್ಮ ಬಿಂದಿಗೆ ಮಗಳ ಮುಂದಿಟ್ಟರು. "ಎತ್ಕೊಂಡು ಹೊರಡು. ತಿರುಗಿ ನೋಡ್ಬೇಡ."

ಗಾಜಿನ ಚೂರುಗಳ ನಡುವೆ ಬೆರಳು ಕೊಯ್ಯಿಸಿಕೊಂಡು ಒಂಬತ್ತು ಮೀನು ಆರಿಸಿದಳು. ಆರು ಬದುಕಿದ್ದವು.

ಆಟೋದಲ್ಲಿ ಆಸ್ಪತ್ರೆ ಕಡೆ ಹೋಗುವಾಗ ಬಿಂದಿಗೆ ಅವಳ ಮಡಿಲಲ್ಲಿತ್ತು. ಅವನ ಮುರಿದ ಕೈಯನ್ನು ತನ್ನ ಸೆರಗು ಹರಿದು ಅವನ ಕುತ್ತಿಗೆಗೆ ಕಟ್ಟಿದ್ದಳು. ಅವಳಿಗೆ ಅಳು ಬಂದದ್ದು ಆಗ.

"ನನ್ನಿಂದ ಏಟು ತಿಂದ್ರಿ. ಮೊದಲು ಚೊಂಬು, ಈಗ ಇದು. ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

ಅವನು ನೋವಿಗೆ ಹಲ್ಲು ಕಚ್ಚಿಕೊಂಡೇ ನಕ್ಕ.

"ನಿಮ್ಮಣ್ಣ ಪೂರಾ ಸುಳ್ಳೇನೂ ಹೇಳ್ಲಿಲ್ಲ."

"ಅಂದ್ರೆ?"

"ಬಸವನಹುಳು ಮಳೆಗಾಲದ ತನಕ ಸಿಗಲ್ಲ ಅಂದಿದ್ನಲ್ಲ," ಅವನೆಂದ. "ಮೊದಲ ವಾರದಿಂದಲೂ ನನ್ನ ರೂಮಲ್ಲಿ ಒಂದು ಬಕೆಟ್ ತುಂಬ ಇದಾವೆ."