ಸೂತಕದ ಮನೆಯ ಹೆಪ್ಪು

ಶಿಲ್ಪಜ್ಜಿಯ ಬಚ್ಚಲಿನ ಹಿಂದೆ, ನೆಲದಲ್ಲಿ ಅರ್ಧ ಹೂತ ಒಂದು ಪೆಟ್ಟಿಗೆಯಿತ್ತು. ಸ್ನಾನದ ನೊರೆ, ಪಾತ್ರೆ ತೊಳೆದ ಜಿಡ್ಡು, ಕಕ್ಕಸಿನ ನೀರು ಎಲ್ಲವೂ ಅದರ ಒಂದು ಬಾಯಿಂದ ಒಳಗೆ ಹೋಗಿ, ಸಂಜೆಯ ಹೊತ್ತಿಗೆ ಇನ್ನೊಂದು ಬಾಯಿಂದ ತಿಳಿಯಾಗಿ ಹೊರಬಂದು, ಬೀದಿಯ ಕಾಲುವೆ ಹಿಡಿದು ಕೆರೆ ಸೇರುತ್ತಿತ್ತು. ಪೆಟ್ಟಿಗೆಯೊಳಗೆ ಯಂತ್ರವಿರಲಿಲ್ಲ, ನೂಲಿನ ಪರದೆಗಳಿದ್ದವು. ಆ ನೂಲಿಗೆ ಕಣ್ಣಿಗೆ ಕಾಣದ ಹತ್ತಾರು ಬಗೆಯ ಸೂಕ್ಷ್ಮಜೀವಿಗಳು ಅಂಟಿಕೊಂಡಿದ್ದವು. ಒಂದು ಬಗೆ ಸೋಪನ್ನು ತಿಂದರೆ, ಇನ್ನೊಂದು ಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ತಿನ್ನುತ್ತಿತ್ತು. ಒಂದರ ಎಂಜಲು ಮತ್ತೊಂದಕ್ಕೆ ಊಟ.

ಅದು 2058ನೇ ಇಸವಿ. ಶಿಲ್ಪಾ, ಪವಿತ್ರಾ, ರಕ್ಷಿತಾ ಎಂಬವೆಲ್ಲ ಅಜ್ಜಿಯರ ಹೆಸರುಗಳಾಗಿಬಿಟ್ಟಿದ್ದ ಕಾಲ.

ಈ ಪೆಟ್ಟಿಗೆಯನ್ನು ರೂಪಿಸಿದವಳು ಡಾ. ಇಂಚರ. ಅವಳ ಕೋಣೆಯ ಗೋಡೆಯ ಮೇಲೆ ದೇಶದ ಕೆರೆ ಹೊಳೆಗಳ ಸ್ಥಿತಿ ತೋರಿಸುವ ಒಂದು ಗ್ರಾಫಿನ ಗೆರೆಯಿತ್ತು. ಎಡತುದಿಯಲ್ಲಿ, ಅಂದರೆ ಅವಳು ಹುಟ್ಟಿದ ಕಾಲಕ್ಕೆ, ಗೆರೆ ಇಳಿಯುತ್ತಲೇ ಇತ್ತು. ಊರುಗಳು ಬೆಳೆದ ವೇಗಕ್ಕೆ ಕೊಳಚೆ ಶುದ್ಧಿ ಮಾಡುವ ಘಟಕಗಳು ಬೆಳೆಯಲಿಲ್ಲ. ಕಟ್ಟಿದ ಎಷ್ಟೋ ಘಟಕಗಳಿಗೆ ಕೊಳವೆಯೇ ಮುಟ್ಟಿರಲಿಲ್ಲ. ಆಮೇಲೆ ಗೆರೆ ಬಹಳ ವರ್ಷ ನೆಲ ಹಿಡಿದಿದ್ದು, ಈಚೆಗೆ ತುಸು ತಲೆಯೆತ್ತಿತ್ತು. ದೊಡ್ಡ ನಗರಗಳಿಗೆ ದೊಡ್ಡ ಘಟಕಗಳು ಬಂದಿದ್ದವು. ಸಣ್ಣ ಊರುಗಳನ್ನು ಮಾತ್ರ ಕೇಳುವವರಿರಲಿಲ್ಲ. ಅವುಗಳಿಗಾಗಿಯೇ ಇಂಚರ ಹನ್ನೊಂದು ವರ್ಷ ದುಡಿದು, ಕೆರೆಕೋಡಿ ಬಡಾವಣೆಯ ಮನೆಮನೆಗೂ ಪೆಟ್ಟಿಗೆ ಇಡಿಸಿದ್ದಳು. ದಸರಾ ಕಳೆದ ಮುಂದಿನ ತಿಂಗಳು ಸರ್ಕಾರದ ತಂಡ ಬಂದು ಕಾಲುವೆ ಕೆರೆ ಸೇರುವ ಬಾಯಲ್ಲಿ ನೀರು ಪರೀಕ್ಷಿಸಲಿತ್ತು. ಪಾಸಾದರೆ ಎಲ್ಲ ಸಣ್ಣ ಊರುಗಳಿಗೂ ಪೆಟ್ಟಿಗೆ. ಫೇಲಾದರೆ ಇಲ್ಲಿರುವವನ್ನೂ ಅಗೆದು ತೆಗೆಯುವುದು.

ಪೆಟ್ಟಿಗೆ ಬಂದ ಮೇಲೆ ಬಡಾವಣೆಯ ರೀತಿಯೇ ಬದಲಾಗಿತ್ತು. ಕಕ್ಕಸು ತೊಳೆಯುವ ಆಸಿಡ್ ಮಾರುವವನು ಆ ಕಡೆ ತಲೆ ಹಾಕುವುದನ್ನೇ ಬಿಟ್ಟ. ಪರಊರಿಗೆ ಹೊರಟವರು ಪಕ್ಕದ ಮನೆಗೆ ಕೀಲಿ ಕೊಟ್ಟು, "ಪೆಟ್ಟಿಗೆಗೆ ದಿನಾ ಒಂದು ಲೋಟ ಗಂಜಿ ಹಾಕಿ," ಎಂದು ಹೇಳಿ ಹೋಗುತ್ತಿದ್ದರು. ಯಾರಾದರೂ ರೋಗಾಣು ಕೊಲ್ಲುವ ಜೋರಾದ ಮಾತ್ರೆ ನುಂಗಿ ಅವರ ಪೆಟ್ಟಿಗೆ ಸೊರಗಿದರೆ, ಮೊಸರಿಗೆ ಹೆಪ್ಪು ತಂದ ಹಾಗೆ ನೆರೆಮನೆಯಿಂದ ನಾಲ್ಕು ಎಳೆ ನೂಲು ತಂದು ಹಾಕಿಕೊಳ್ಳುತ್ತಿದ್ದರು.

ಅತಿಯಾದರೆ ಅಮೃತವೂ ವಿಷ. ಆಯುಧಪೂಜೆ ಬಂತು.

"ಗಾಡಿಗೆ ಮಾಡ್ತೀವಿ, ಮಿಕ್ಸಿಗೆ ಮಾಡ್ತೀವಿ. ನಮ್ಮ ಕೊಳೆ ತೊಳೆಯೋ ಪೆಟ್ಟಿಗೆಗೆ ಬೇಡ್ವಾ?" ಎಂದು ಶಿಲ್ಪಜ್ಜಿ ಮಾತು ತೆಗೆದಳು. ಹೆಂಗಸರೆಲ್ಲ ಸೇರಿ ದೊಡ್ಡ ಹಂಡೆಯಲ್ಲಿ ಅರಿಸಿನ ಸುಣ್ಣ ಕದಡಿ ಕೆಂಪು ಓಕುಳಿ ಮಾಡಿದರು. ಮನೆಮನೆಗೂ ಹೋಗಿ, ಪೆಟ್ಟಿಗೆಗೆ ಹೂ ಮುಡಿಸಿ, ದೃಷ್ಟಿ ತೆಗೆದು, ಓಕುಳಿಯನ್ನು ಅದರ ಬಾಯಿಗೇ ಸುರಿದರು. ಬಾಷಾ ಸಾಹೇಬರ ಮನೆಯನ್ನೂ ಬಿಡಲಿಲ್ಲ. ಅವರೂ ಬೇಡವೆನ್ನಲಿಲ್ಲ. ಬಿಟ್ಟದ್ದು ಮನ್ವಿತನ ಮನೆಯೊಂದನ್ನೇ. ಹಬ್ಬಕ್ಕೆ ಎರಡು ದಿನ ಮುಂಚೆ ಅವನ ತಾಯಿ ತೀರಿಕೊಂಡಿದ್ದರು, ಮನೆಯಲ್ಲಿ ಸೂತಕವಿತ್ತು.

ಎರಡೇ ದಿನದಲ್ಲಿ ಬೀದಿ ನಾರತೊಡಗಿತು. ಸುದ್ದಿ ತಿಳಿದು ಬಂದ ಇಂಚರ ಒಂದೊಂದೇ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದಳು. ನೂಲೆಲ್ಲ ಬಿಳಿಚಿಕೊಂಡು ಲೋಳೆಯಾಗಿತ್ತು.

"ಸುಣ್ಣ ಬಿದ್ದಿದೆ," ಎಂದಳು. "ಸುಣ್ಣದ ಖಾರ ಇವು ತಡೆಯಲ್ಲ. ಎಲ್ಲಾ ಸತ್ತಿವೆ."

"ಲ್ಯಾಬಿಂದ ಹೊಸದು ಬರಲ್ವೇನಮ್ಮ?" ಶಿಲ್ಪಜ್ಜಿಯ ದನಿ ಉಡುಗಿತ್ತು.

"ಇಷ್ಟು ಮನೆಗೆ ಬೆಳೆಸೋಕೆ ಐದಾರು ತಿಂಗಳು ಬೇಕು, ಅಜ್ಜಿ. ಪರೀಕ್ಷೆ ಬರೋ ತಿಂಗಳೇ ಇದೆ. ಬದುಕಿರೋದು ಮನ್ವಿತ್ ಅವರ ಮನೇದೊಂದೇ. ಅದರ ಹೆಪ್ಪು ಇವತ್ತೇ ಹಂಚೋಕೆ ಶುರು ಮಾಡಿದ್ರೆ ಸಾಧ್ಯ ಇದೆ."

ಸೂತಕದ ಮನೆಯಿಂದ ಹೆಪ್ಪು ತರುವುದುಂಟೇ? ಸೂತಕ ಕಳೆಯಲಿ ಎಂದು ಒಬ್ಬರು ಗೊಣಗಿದರು. ಅಲ್ಲಿಯವರೆಗೆ ಕಾದರೆ ಕೊನೆಯ ಬೀದಿಗೆ ಹೆಪ್ಪು ಮುಟ್ಟುವುದಿಲ್ಲ ಎಂದು ಇಂಚರ ಲೆಕ್ಕ ಹಾಕಿದಳು. ಅವಳಿಗೆ ಅಳು ಬರುವಂತಾಗಿತ್ತು. ಸಿಟ್ಟು ಮಾಡೋಣವೆಂದರೆ, ಪಾಪ, ಅವರು ಮಾಡಿದ್ದು ಪೂಜೆ.

ಅವಳೊಬ್ಬಳೇ ಮನ್ವಿತನ ಮನೆಗೆ ಹೋದಳು.

"ತಗೊಳ್ಳಿ ಮೇಡಂ, ಅದಕ್ಕೇನು," ಎಂದ ಅವನು. "ಆದ್ರೆ ಈ ಮನೆಯಿಂದ ಈಗ ಒಂದು ಲೋಟ ನೀರೂ ಯಾರೂ ಮುಟ್ಟಲ್ಲ. ಅಮ್ಮ ಇದನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ಳೋರು ಗೊತ್ತಾ? ಬೆಳಿಗ್ಗೆ ನನ್ನ ತಿಂಡಿಗಿಂತ ಮೊದಲು ಇದರ ಗಂಜಿ." ಹೇಳುತ್ತಲೇ ಅವನು ಪೆಟ್ಟಿಗೆಯ ಮುಚ್ಚಳ ತೆಗೆದ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಸ್ಟೀಲ್ ಡಬ್ಬಿ ಹಿಡಿದು ಶಿಲ್ಪಜ್ಜಿ ನಿಂತಿದ್ದಳು. ಬಡಾವಣೆಯಲ್ಲಿ ಅವಳಷ್ಟು ಮಡಿ ಮಾಡುವವರು ಇನ್ನೊಬ್ಬರಿರಲಿಲ್ಲ.

"ಸೂತಕ ಇರೋದು ಮನುಷ್ಯರಿಗೆ. ಹುಳಕ್ಕೆಲ್ಲಿ ಸೂತಕ?" ಎಂದಳು. "ಓಕುಳಿ ಹುಯ್ಯಿಸಿದವಳು ನಾನು. ಮೊದಲು ನನಗೇ ಕೊಡಪ್ಪ, ಮನ್ವಿತ."

ಮನ್ವಿತ ತಾನೇ ನೂಲು ಬಿಡಿಸಿ ಡಬ್ಬಿಗೆ ಹಾಕಿದ. ಶಿಲ್ಪಜ್ಜಿ ಮನೆಗೆ ಹೋದವಳೇ ನೂಲನ್ನು ಪೆಟ್ಟಿಗೆಗಿಳಿಸಿ, ತಲೆಗೆ ಸ್ನಾನ ಮಾಡಿದಳು, ಅದು ಬೇರೆ ಮಾತು. ಆ ನೀರೇ ಹೊಸ ಹೆಪ್ಪಿಗೆ ಮೊದಲ ಊಟವಾಯಿತು. ಸಂಜೆಯೊಳಗೆ ಮನ್ವಿತನ ಹಿತ್ತಲಲ್ಲಿ ಡಬ್ಬಿಗಳ ಸಾಲೇ ನಿಂತಿತ್ತು. ಬಂದವರು ಅವನ ತಾಯಿಯ ಮಾತು ತೆಗೆದು ಒಂದಿಷ್ಟು ಹೊತ್ತು ಕೂತೇ ಹೋದರು. ಹೆಪ್ಪು ಒಂದು ಮನೆಯಲ್ಲಿ ಬಲಿಯುತ್ತಲೇ ನಾಲ್ಕು ಮನೆಗೆ ಹರಡಿತು. ಬೀದಿಯ ನಾತ ದಿನದಿಂದ ದಿನಕ್ಕೆ ಇಳಿಯಿತು.

ಪರೀಕ್ಷೆಗೆ ಬಂದ ಅಧಿಕಾರಿ ಆದ್ಯಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಕೆರೆಯ ಬಾಯಲ್ಲಿ ನೀರು ಹಿಡಿದು ನೋಡಿದಳು. ಅಮೋನಿಯಾ ಮಿತಿಯೊಳಗಿತ್ತು, ಆದರೆ ಕೂದಲೆಳೆಯಷ್ಟೇ ಅಂತರ.

"ಪಾಸಾಯ್ತು," ಎಂದಳು. ಇಂಚರ ಕೆರೆಯ ಏರಿಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

ಶಿಲ್ಪಜ್ಜಿ ಎಲ್ಲರನ್ನೂ ಮನೆಗೆ ಕರೆದು ಕಾಫಿ ಕೊಟ್ಟಳು. ಆದ್ಯಾ ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡುತ್ತಾ ಕೇಳಿದಳು: "ಅಜ್ಜಿ, ನೀವು ಚಿಕ್ಕವರಿದ್ದಾಗ ಇದು ಇರಲಿಲ್ಲ ಅಲ್ವಾ? ಆಗ ಬಚ್ಚಲ ನೀರು ಎಲ್ಲಿಗೆ ಹೋಗ್ತಿತ್ತು?"

"ಹೊರಗಡೆಗೆ."

"ಹೊರಗಡೆ ಅಂದ್ರೆ ಎಲ್ಲಿಗೆ?"

ಶಿಲ್ಪಜ್ಜಿ ತವರುಮನೆ, ಓದಲು ಇದ್ದ ಹಾಸ್ಟೆಲು, ಮದುವೆಯಾಗಿ ಬಂದ ಮನೆ, ಒಂದೊಂದನ್ನೂ ನೆನೆದಳು. ದಿನವೂ ಮೈಮೇಲೆ ಸುರಿದುಕೊಂಡ ನೀರು ತೂತಿನಲ್ಲಿ ಇಳಿದದ್ದಷ್ಟೇ ನೆನಪಿತ್ತು.

"ಗೊತ್ತಿಲ್ಲ ಕಣಮ್ಮ," ಎಂದಳು. "ನಾವ್ಯಾರೂ ಕೇಳಲೇ ಇಲ್ಲ."