ಕ್ಯಾರೊಲಿನಳ ಅರಬ್ಬಿ ಪಟ್ಟಿ

"ಛೀ! ಈ ಹೊಲಸಿಗೆ ನನ್ನ ಹೆಸರು ಯಾಕ ಹಾಕೀರಿ?"

ಕ್ಯಾರೊಲಿನ ಕಾಗದಗಳನ್ನು ಜೋಯಲನ ಮೇಜಿನ ಮೇಲೆ ಎಸೆದಳು. ನೌಬಾದದಲ್ಲಿ ಕಟ್ಟಡದ ನಕ್ಷೆ ಬಿಡಿಸುವ ಆ ಪುಟ್ಟ ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು.

ಎಂಟು ವರ್ಷ ಮಸ್ಕತ್‌ನ ಕಟ್ಟಡ ಕಂಪನಿಯಲ್ಲಿ ದುಡಿದು ಅರಬ್ಬಿ ಕಲಿತವಳು ಅವಳು. ಈಗ ಮಸ್ಕತ್‌ನ ಗಿರಾಕಿಗಳಿಗಾಗಿ ಜೋಯಲ ಬಿಡಿಸಿದ ನಕ್ಷೆಗಳ ಇಂಗ್ಲಿಷ್ ಪದಗಳನ್ನು ಅರಬ್ಬಿಗೆ ತರುವುದು ಅವಳ ಕೆಲಸ. ಒಂದೊಂದು ಪದಕ್ಕೂ ಚಹಾ ಆರಿಹೋಗುವವರೆಗೆ ಇಬ್ಬರೂ ವಾದಿಸುತ್ತಿದ್ದರು. ಆ ವಾದಗಳ ನಡುವೆಯೇ ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು...

ಈಗ ನೋಡಿದರೆ, ಮೆಟ್ಟಿಲ ಸಾಲಿಗೆ ಹೇಳುವ 'ಫ್ಲೈಟ್' ಅರಬ್ಬಿಯಲ್ಲಿ ವಿಮಾನಯಾನವಾಗಿತ್ತು! ಕಂಬಗಳ ನಡುವಿನ 'ಬೇ' ಸಮುದ್ರದ ಕೊಲ್ಲಿಯಾಗಿತ್ತು! ಮಸ್ಕತ್‌ನವರು ನಕ್ಕು ವಾಪಸ್ ಕಳಿಸಿದ್ದರು. ಕೆಳಗೆ ಅನುವಾದಕಿಯೆಂದು ಅವಳದೇ ಹೆಸರು.

"ನಾ ಕೊಟ್ಟ ಪದಗಳ ಪಟ್ಟಿ ಇದಲ್ಲ. ನಕ್ಷೆದಾಗ ಪದ ಕೂಡಿಸಿದವ್ರು ನೀವೇ ಅಲ್ರಿ?"

"ಹೌದ್ರಿ. ಆದ್ರ..."

"ಸಾಕು! ನಿಮ್ಮ ಮಾರಿ ನೋಡಿದ್ರ ವಾಕರಿಕಿ ಬರ್ತದ."

ಅಂದೇ ಕೆಲಸ ಬಿಟ್ಟಳು. ಅವನ ಜೊತೆ ಕುಡಿದ ಚಹಾ ನೆನಪಾದರೂ ಬಾಯಿ ಕಹಿಯಾಗುತ್ತಿತ್ತು. 'ಇಂಥವನಿಗೆ ಮನಸ್ಸು ಕೊಟ್ಟೆನಲ್ಲ, ಥೂ!'

ನಾಲ್ಕನೇ ದಿನ ಮಸ್ಕತ್‌ನಿಂದ ಫೋನ್ ಬಂತು. ಅವಳ ನಿಜವಾದ ಪಟ್ಟಿಯನ್ನು ಜೋಯಲ ಅವರಿಗೆ ಕಳಿಸಿದ್ದನಂತೆ. ಒಂದೊಂದೇ ಪದ ಹುಡುಕಿ ಕೂಡಿಸಿದರೆ ತಡವಾಗುತ್ತದೆಂದು ಅದನ್ನು ಬದಿಗಿಟ್ಟು ಕಂಪ್ಯೂಟರಿನಿಂದ ಅನುವಾದ ಮಾಡಿಸಿದವನು ಕಚೇರಿಯ ಮಾಲೀಕ ಸಂಜುಕುಮಾರ! ಈ ನಿಜವನ್ನು ಅವರಿಗೆ ಬರೆದು ತಿಳಿಸಿದ್ದಕ್ಕೆ ಜೋಯಲನ ನೌಕರಿಯೇ ಹೋಗಿತ್ತು.

ಕ್ಯಾರೊಲಿನಳಿಗೆ ಈಗ ತನ್ನ ಮೇಲೆಯೇ ಹೇಸಿಗೆಯಾಯಿತು. ಸಿಕ್ಕ ಬಸ್ಸು ಹತ್ತಿ ಅವನ ಊರು ಭಾಲ್ಕಿಗೆ ಹೊರಟಳು.

ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅವನು ಎಕಂಬಾ ಹಳ್ಳಿಯ ಯಾರದೋ ಮನೆಯ ನಕ್ಷೆ ಬಿಡಿಸುತ್ತಿದ್ದ.

"ಅವತ್ತೇ ಯಾಕ ಹೇಳಲಿಲ್ರಿ?"

ಜೋಯಲ ತಲೆ ತಗ್ಗಿಸಿದ. "ಯಾವ ಮಾರಿ ಇಟ್ಕೊಂಡು ಹೇಳಲಿ? ನಕ್ಷೆ ಕಳಿಸೋಕಿಂತ ಮೊದಲೇ ಪದ ಬದಲಾಗಿದ್ದು ನನಗ ಗೊತ್ತಿತ್ತು. ನೌಕರಿ ಹೋದೀತಂತ ಅಂಜಿ ಸುಮ್ಮನಿದ್ದೆ. ನೀವು ಹೇಸಿದ್ದು ಬರೋಬ್ಬರಿ ಅದರಿ."

ಕ್ಯಾರೊಲಿನ ಸ್ಟೂಲು ಎಳೆದು ಅವನೆದುರು ಕೂತಳು.

"ಆ ಹೇಸಿಗಿ ಇನ್ನೂ ಪೂರ್ತಿ ಹೋಗಿಲ್ಲ."

"ಮತ್ತ ಯಾಕ ಬಂದ್ರಿ?"

"ನಿಮ್ಮ ಜೋಡಿ ಮಾತಿಲ್ಲದ ನಾಲ್ಕು ದಿನ... ಅದಕ್ಕಿಂತ ಕಠಿಣ ಆದವು."

ಜೋಯಲ ಪೆನ್ಸಿಲ್ ಕೆಳಗಿಟ್ಟ.

"ಇನ್ನೊಂದು ಮಾತದ, ಕ್ಯಾರೊಲಿನ. ವರ್ಷ ಆತು, ಅಂಜಿ ಹೇಳಿಲ್ಲ..."

"ಈಗೂ ಅಂಜ್ತೀರೇನು?"

"ಇಲ್ಲ. ನನ್ನ ಮದುವಿ ಆಗ್ತೀರೇನ್ರಿ?"

ಅವಳ ಕಣ್ಣು ತುಂಬಿ ಬಂತು.

"ಆಗ್ತೇನಿ. ಆದ್ರ ನನ್ನ ಮುಂದ ಮತ್ತೊಮ್ಮೆ ಬಾಯಿ ಮುಚ್ಚಿಕೊಂಡು ಕೂತ್ರ ನೋಡ್ರಿ!"

"ಕೂಡಂಗಿಲ್ಲರಿ," ಎಂದ ಜೋಯಲ, ಒದ್ದೆ ಕಣ್ಣಲ್ಲೇ ನಗುತ್ತ.